ಎಕ್ಸ್.25 ಕ್ಲಿಯರ್ ಇಂಡಿಕೇಶನ್: ಕಾರಣ 13, ಡಯಾಗ್ನಾಸ್ಟಿಕ್ 43 ಎಂದರೆ ಏನು?

ಪ್ರಶ್ನೆ:
ನಮಸ್ಕಾರ. ಇನ್ನೂ ಎಕ್ಸ್.25 (ದತ್ತಾಂಶವನ್ನು ಪ್ಯಾಕೆಟ್‌ಗಳಾಗಿ ಸಾಗಿಸುವ ಹಳೆಯ ಸಂವಹನ ನಿಯಮಾವಳಿ) ಬಳಸುತ್ತಿರುವ ಹಳೆಯ ವ್ಯವಸ್ಥೆಯೊಂದಕ್ಕೆ ಹೊಸ ಗೇಟ್‌ವೇ ತಂತ್ರಾಂಶ ಬರೆಯುತ್ತಿದ್ದೇನೆ. ಕಾಲ್ ರಿಕ್ವೆಸ್ಟ್ (ಸಂಪರ್ಕ ಕೋರುವ ಪ್ಯಾಕೆಟ್) ಕಳುಹಿಸಿದ ಕೂಡಲೇ ನೆಟ್‌ವರ್ಕ್ ಕ್ಲಿಯರ್ ಇಂಡಿಕೇಶನ್ ಎಂಬ ಸೂಚನೆ ಕಳುಹಿಸಿ ಕರೆಯನ್ನು ಕಡಿದುಹಾಕುತ್ತದೆ. ಲಾಗ್‌ನಲ್ಲಿ ಕಾರಣ 13, ಡಯಾಗ್ನಾಸ್ಟಿಕ್ (ದೋಷದ ಹೆಚ್ಚಿನ ವಿವರ ನೀಡುವ ಸಂಕೇತ) 43 ಎಂದಿರುತ್ತದೆ. ಕೋಷ್ಟಕದಲ್ಲಿ 13ಕ್ಕೆ ‘ನಾಟ್ ಅಬ್ಟೇನಬಲ್’ (ತಲುಪಲಾಗದು) ಎಂಬ ಅರ್ಥವಿರುವುದರಿಂದ ಎರಡು ವಾರಗಳಿಂದ ಕರೆ ತಲುಪಬೇಕಾದ ಬದಿಯವರನ್ನೇ ವಿಚಾರಿಸುತ್ತಿದ್ದೇನೆ. ತಮ್ಮಲ್ಲಿ ದೋಷವೇನೂ ಇಲ್ಲವೆಂದು ಅವರು ಪ್ರತಿ ಬಾರಿಯೂ ಹೇಳುತ್ತಾರೆ. 43ರ ಅರ್ಥವಂತೂ ನನಗೆ ಹೊಂದಿಕೆಯಾಗುತ್ತಿಲ್ಲ.

ಉತ್ತರ 1:
ಹೊಂದಿಕೆಯಾಗದ ಆ 43ರಲ್ಲೇ ಸುಳಿವಿದೆ. ದಶಮಾನದಲ್ಲಿ 43 ಎಂದರೆ ಅನುಮತಿಯಿಲ್ಲದ ಇಂಟರಪ್ಟ್ (ಸಾಲನ್ನು ಬಿಟ್ಟು ಮುಂದೆ ಹೋಗುವ ತುರ್ತು ಪ್ಯಾಕೆಟ್) ದೃಢೀಕರಣ. ಕರೆಯೇ ಏರ್ಪಡದಿರುವಾಗ ಇಂಟರಪ್ಟ್‌ನ ಮಾತು ಬರುವುದು ಸಾಧ್ಯವಿಲ್ಲ, ಬಂದರೂ ಅದಕ್ಕೆ ನೆಟ್‌ವರ್ಕ್ ರಿಸೆಟ್ (ಕರೆಯನ್ನು ಕಡಿಯದೆ ಮರುಹೊಂದಿಸುವ ಸೂಚನೆ) ಕಳುಹಿಸಬೇಕೇ ಹೊರತು ಕ್ಲಿಯರ್ ಅಲ್ಲ. ಹೀಗಾಗಿ ನಿಮ್ಮ ಲಾಗ್ ಎರಡೂ ಸಂಖ್ಯೆಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಮಾನ, ಚಿಕ್ಕದಾಗಿ ಹೆಕ್ಸ್) ಮುದ್ರಿಸುತ್ತಿದೆ ಎಂದು ನನ್ನ ಅಭಿಪ್ರಾಯ. ಹೆಕ್ಸ್ 13 ದಶಮಾನದ 19, ಅಂದರೆ ಲೋಕಲ್ ಪ್ರೊಸೀಜರ್ ಎರರ್ (ಕಾರ್ಯವಿಧಾನದಲ್ಲಿ ಸ್ಥಳೀಯ ದೋಷ). ಹೆಕ್ಸ್ 43 ದಶಮಾನದ 67, ಅಂದರೆ ಕರೆಯಬೇಕಾದ ವಿಳಾಸವೇ ಅಮಾನ್ಯ. ಇಲ್ಲಿ ‘ಲೋಕಲ್’ ಎಂದರೆ ಈ ಸೂಚನೆಯನ್ನು ಪಡೆದವರ ಬದಿ, ಅಂದರೆ ನಿಮ್ಮದೇ ಬದಿ. ಪ್ಯಾಕೆಟ್‌ನ ಕಚ್ಚಾ ಆಕ್ಟೆಟ್‌ಗಳನ್ನು (ಎಂಟು ಬಿಟ್‌ಗಳ ಗುಂಪುಗಳನ್ನು) ತೆಗೆದು ನೋಡಿ: ಮೂರನೆಯದು ಪ್ಯಾಕೆಟ್‌ನ ಬಗೆ, ನಾಲ್ಕನೆಯದು ಕಾರಣ, ಐದನೆಯದು ಡಯಾಗ್ನಾಸ್ಟಿಕ್. ಕ್ಲಿಯರ್ ಇಂಡಿಕೇಶನ್‌ನ ಬಗೆಯ ಸಂಕೇತವೂ ಹೆಕ್ಸ್ 13 ಆಗಿರುವುದರಿಂದ ನಿಮ್ಮಲ್ಲಿ 13 ಎರಡು ಸಲ ಸಾಲಾಗಿ ಬರಬೇಕು, ಗೊಂದಲ ಬೇಡ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ. ಕಾಲ್ ರಿಕ್ವೆಸ್ಟ್‌ನ ನಾಲ್ಕನೆಯ ಆಕ್ಟೆಟ್ಟನ್ನೂ ಪರಿಶೀಲಿಸಿ. ವಿಳಾಸಗಳ ಸಾಲಿನಲ್ಲಿ ಕರೆಯಲ್ಪಡುವವರ ವಿಳಾಸ ಮೊದಲು ಬರುತ್ತದೆ; ಆದರೆ ಉದ್ದವನ್ನು ಹೇಳುವ ಆ ಆಕ್ಟೆಟ್‌ನ ಮೇಲಿನ ನಾಲ್ಕು ಬಿಟ್‌ಗಳು ಕರೆಯುವವರವು, ಕೆಳಗಿನ ನಾಲ್ಕು ಕರೆಯಲ್ಪಡುವವರವು. ಈ ತಿರುವುಮುರುವು ಅನೇಕರನ್ನು ತಪ್ಪುದಾರಿಗೆಳೆದಿದೆ.

ಇನ್ನೊಂದು ಮಾತು: ಒಂದೇ ಕೋಷ್ಟಕವನ್ನು ಎಲ್ಲ ಪ್ಯಾಕೆಟ್‌ಗಳಿಗೂ ಬಳಸಬೇಡಿ. ಕ್ಲಿಯರ್‌ನಲ್ಲಿ ಕಾರಣ 5 ನೆಟ್‌ವರ್ಕ್‌ನ ದಟ್ಟಣೆಯನ್ನು ಹೇಳಿದರೆ, ರಿಸೆಟ್‌ನಲ್ಲಿ ಅದೇ 5 ಲೋಕಲ್ ಪ್ರೊಸೀಜರ್ ಎರರ್ ಆಗುತ್ತದೆ. ದಟ್ಟಣೆಗೆ ರಿಸೆಟ್‌ನಲ್ಲಿ 7, ರಿಸ್ಟಾರ್ಟ್‌ನಲ್ಲಿ (ಇಡೀ ಸಂಪರ್ಕವನ್ನು ಹೊಸದಾಗಿ ಆರಂಭಿಸುವ ಸೂಚನೆ) 3. ಕಾರಣ 0 ಆಗಿದ್ದರೆ ಅಥವಾ ಅದರ ಎಂಟನೆಯ ಬಿಟ್ 1 ಆಗಿದ್ದರೆ, ಕರೆಯನ್ನು ಕಡಿದದ್ದು ನೆಟ್‌ವರ್ಕ್ ಅಲ್ಲ, ಎದುರಿನ ಉಪಕರಣ. ಆಗ ಡಯಾಗ್ನಾಸ್ಟಿಕ್‌ನ ಅರ್ಥವನ್ನು ಆ ಉಪಕರಣದ ಕೈಪಿಡಿಯಲ್ಲೇ ಹುಡುಕಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕರೆಯುವ ವಿಳಾಸ 12 ಅಂಕಿ, ಕರೆಯಬೇಕಾದದ್ದು 14 ಅಂಕಿ. ಆ ಆಕ್ಟೆಟ್ ಹೆಕ್ಸ್‌ನಲ್ಲಿ ‘ಸಿಇ’ (ಸಿ ಎಂದರೆ 12, ಇ ಎಂದರೆ 14) ಆಗಿರಬೇಕಿತ್ತು, ನಾನು ‘ಇಸಿ’ ಎಂದು ತುಂಬಿದ್ದೆ. ಹೀಗಾಗಿ ನೆಟ್‌ವರ್ಕ್ 14 ಅಂಕಿಯ ವಿಳಾಸದಲ್ಲಿ ಮೊದಲ 12ನ್ನು ಮಾತ್ರ ಓದುತ್ತಿತ್ತು. ತಿದ್ದಿದ ಮೇಲೆ ಮೊದಲ ಪ್ರಯತ್ನದಲ್ಲೇ ಕರೆ ಏರ್ಪಟ್ಟಿತು. ಲಾಗ್‌ನಲ್ಲಿ ಈಗ ಪ್ಯಾಕೆಟ್‌ನ ಬಗೆಯೊಂದಿಗೆ ಎರಡೂ ಮಾನಗಳ ಸಂಖ್ಯೆ ಬರುವಂತೆ ಮಾಡಿದ್ದೇನೆ. ಆ ಬದಿಯವರಿಗೆ ಕ್ಷಮೆ ಕೋರಿ ಇಂದೇ ಬರೆಯುತ್ತೇನೆ.