ಲಾಗ್‌ಫ್ರೇಮ್‌ನಲ್ಲಿ ‘ಪರಿವರ್ತನೆ’ ಬರೆಯುವುದು ಹೇಗೆ? (ತಾಂಡಾ – ಕಂದಾಯ ಗ್ರಾಮ ಯೋಜನೆ)

ಗುಡ್ಡದ_ಓಣಿ ಕೇಳಿದ್ದು:

ಸಣ್ಣ ಸಂಸ್ಥೆ, ಹೊರದೇಶದ ದಾನಿ, ಮೂರು ವರ್ಷದ ಅಡ್ವೊಕೆಸಿ (ಜನರ ಪರವಾಗಿ ಸರ್ಕಾರವನ್ನು ಒತ್ತಾಯಿಸುವ) ಯೋಜನೆ. 14 ತಾಂಡಾಗಳನ್ನು (ಲಂಬಾಣಿಗರ ಜನವಸತಿ) ಕಂದಾಯ ಗ್ರಾಮ (ಕಂದಾಯ ದಾಖಲೆಯಲ್ಲಿ ಪ್ರತ್ಯೇಕ ಊರು) ಮಾಡಿಸಿ, ಮನೆಗಳಿಗೆ ಹಕ್ಕುಪತ್ರ ಕೊಡಿಸುವ ಕೆಲಸ. ದಾನಿಯವರು ಕಳಿಸಿದ ಲಾಗ್‌ಫ್ರೇಮ್‌ನಲ್ಲಿ (ಯೋಜನೆಯ ಗುರಿ, ಅದನ್ನು ಅಳೆಯುವ ಸೂಚಕಗಳ ಪಟ್ಟಿ) ಸೂಚಕ ಎರಡೇ: ‘ಬದಲಾದ ನೀತಿಗಳ ಸಂಖ್ಯೆ – 1’, ‘ನಡೆಸಿದ ಸಭೆಗಳ ಸಂಖ್ಯೆ – 60’. ಮೇಲಿನ ಪ್ಯಾರಾದಲ್ಲಿ ಮಾತ್ರ ‘ಸಮಗ್ರ ಪರಿವರ್ತನೆ’ ಎಂದು ಮತ್ತೆ ಮತ್ತೆ ಇದೆ. ಇದರ ಬದಲು ಏನು ಬರೆದರೆ ದಾನಿಯವರೂ ಒಪ್ಪುತ್ತಾರೆ, ಕೆಲಸವೂ ಕಾಣುತ್ತದೆ? ಇನ್ನೊಂದು, ಜೊತೆಗಿರುವ ನಾಲ್ಕು ಸಂಘಟನೆಗಳಿಗೆ ನಮ್ಮ ಮೂಲಕವೇ ಹಣ ಹಂಚಿಕೆ ಎಂದು ಬಜೆಟ್‌ನಲ್ಲಿದೆ. ತೊಂದರೆ ಆಗುತ್ತದೆಯೇ?

ಪಹಣಿ_ನಕ್ಷೆ:

‘ನೀತಿ ಬದಲಾವಣೆ – 1’ ಎಂಬ ಸೂಚಕವನ್ನು ಮೊದಲು ತೆಗೆಸಿ. ನೀತಿ ಆಗಲೇ ಬದಲಾಗಿದೆ. ಖಾಸಗಿ ಜಮೀನಿನ ಮೇಲಿರುವ ದಾಖಲೆರಹಿತ ಜನವಸತಿಗಳಿಗಾಗಿ ಭೂ ಸುಧಾರಣಾ ಕಾಯ್ದೆಗೆ 38ಎ ಕಲಂ ಸೇರಿ ವರ್ಷಗಳೇ ಆದವು. ಮಳಖೇಡದಲ್ಲಿ ಐದು ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದು 2023ರ ಜನವರಿಯಲ್ಲಿ. ಕಾನೂನು ಬಂದದ್ದಕ್ಕೂ ಕಾಗದ ಕೈಗೆ ಸಿಕ್ಕಿದ್ದಕ್ಕೂ ನಡುವೆ ಅಷ್ಟು ವರ್ಷ. ನಿಮ್ಮ ಕೆಲಸ ಇರುವುದು ಆ ನಡುವಿನಲ್ಲಿ.

ಮೊದಲ ಎರಡು ತಿಂಗಳು 14 ತಾಂಡಾಗಳ ಸರ್ವೆ ನಂಬರ್, ಪಹಣಿ ತೆಗೆಸಿ ಮೂರು ಗುಂಪು ಮಾಡಿ. ಖಾಸಗಿ ಜಮೀನಿನಲ್ಲಿದ್ದರೆ 38ಎ. ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದರೆ ಭೂ ಕಂದಾಯ ಕಾಯ್ದೆಯ 94ಸಿ. ಅರಣ್ಯ ಎಂದು ದಾಖಲಾಗಿದ್ದರೆ ಈ ಎರಡೂ ನಡೆಯುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಎಚ್) ಪ್ರಕಾರ ಗ್ರಾಮಸಭೆಯಿಂದಲೇ ಅರ್ಜಿ ಹೊರಡಬೇಕು. ಇಲ್ಲೊಂದು ತೊಡಕು: ನಮ್ಮಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡವಲ್ಲ. ಹಾಗಾಗಿ ‘ಇತರ ಪಾರಂಪರಿಕ ಅರಣ್ಯವಾಸಿ’ ಎಂದು ಅರ್ಜಿ ಹಾಕಬೇಕು. ಅಂದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಕಾಯ್ದೆಯ ಲೆಕ್ಕದಲ್ಲಿ 75 ವರ್ಷ, ಅಲ್ಲಿದ್ದುದಕ್ಕೆ ಪುರಾವೆ ಬೇಕು. ಅಂಥ ತಾಂಡಾಗೆ ಮೂರು ವರ್ಷದಲ್ಲಿ ಹಕ್ಕುಪತ್ರ ಎಂದು ಬರೆದುಕೊಟ್ಟರೆ ಕೊನೆಯ ವರ್ಷ ನೀವೇ ಸಿಕ್ಕಿಬೀಳುತ್ತೀರಿ. ಅಲ್ಲಿ ಗುರಿ ‘ಅರಣ್ಯ ಹಕ್ಕು ಸಮಿತಿ ಸ್ಥಳ ಪರಿಶೀಲನೆ ಮಾಡಿ ಗ್ರಾಮಸಭೆ ಠರಾವು ಮಾಡುವುದು’ ಎಂದಿರಲಿ, ಸಾಕು.

ಮೆಟ್ಟಿಲು_ಲೆಕ್ಕ:

ಮೇಲಿನವರ ಮಾತಿಗೆ ಸೇರಿಸುತ್ತೇನೆ. ಪ್ರತಿ ತಾಂಡಾಗೆ ಒಂದು ಸಾಲು, ಪ್ರತಿ ಹಂತಕ್ಕೆ ಒಂದು ಕಾಲಂ ಇರುವ ಪಟ್ಟಿ ಮಾಡಿ: ಅಳತೆ ಆಗಿ ನಕ್ಷೆ ಬಂತೇ, ತಹಶೀಲ್ದಾರರಿಂದ ಪ್ರಸ್ತಾವ ಹೋಯಿತೇ, ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ ವಿಚಾರಣೆ, ಅಂತಿಮ ಅಧಿಸೂಚನೆ, ಹಕ್ಕುಪತ್ರ, ನೋಂದಣಿ, ಕೊನೆಗೆ ಪಂಚಾಯಿತಿಯ ಇ-ಸ್ವತ್ತು ಖಾತೆ (ಆಸ್ತಿಯ ಡಿಜಿಟಲ್ ದಾಖಲೆ). ಕಡತ ಒಂದು ಹಂತ ಮುಂದೆ ಹೋದ ತಾರೀಖು ಬರೆಯಿರಿ, ಪಕ್ಕದಲ್ಲಿ ಅದಕ್ಕೆ ಪುರಾವೆಯಾದ ಕಾಗದದ ನಂಬರ್. ‘60 ಸಭೆ’ಗಿಂತ ಈ ಪಟ್ಟಿ ದಾನಿಯವರಿಗೂ ಹೆಚ್ಚು ತಿಳಿಯುತ್ತದೆ.

ಬಹಳ ಯೋಜನೆಗಳು ಹಕ್ಕುಪತ್ರದ ಫೋಟೊ ತೆಗೆದು ಅಲ್ಲಿಗೇ ಮುಗಿಸುತ್ತವೆ. ಪಂಚಾಯಿತಿಯಲ್ಲಿ ಖಾತೆ ಆಗದೆ ಹೋದರೆ ಆ ಪತ್ರ ಟ್ರಂಕಿನಲ್ಲೇ ಉಳಿಯುತ್ತದೆ, ಬ್ಯಾಂಕಿನವರು ಕೇಳುವುದು ಖಾತೆಯನ್ನೇ. ಜೊತೆಗೆ ಪತ್ರ ಯಾರ ಹೆಸರಲ್ಲಿ ಬಂತು, ಗಂಡನದ್ದೋ ಇಬ್ಬರದ್ದೋ ಎಂಬುದಕ್ಕೂ ಕಾಲಂ ಇಡಿ. ಪರಿವರ್ತನೆ ಎಂಬ ದೊಡ್ಡ ಮಾತಿಗೆ ಏನಾದರೂ ಅರ್ಥ ಇದ್ದರೆ ಅದು ಈ ಕಾಲಂನಲ್ಲಿ, ಮತ್ತು ಇನ್ನೊಂದರಲ್ಲಿ: ತಹಶೀಲ್ದಾರರ ಕಚೇರಿಗೆ ಅರ್ಜಿಯ ಸ್ಥಿತಿ ಕೇಳಲು ಹೋದವರು ಯಾರು? ಮೊದಲ ವರ್ಷ ನಿಮ್ಮ ಸಿಬ್ಬಂದಿ, ಮೂರನೇ ವರ್ಷ ತಾಂಡಾದ ಹೆಂಗಸರೇ ಆಗಿದ್ದರೆ ಅದನ್ನು ಎಣಿಸಿ. ನೀವೇ ಹೋಗುತ್ತಿದ್ದರೆ ಅದು ಸೇವೆ ಅಷ್ಟೇ.

ಕಡತ ನಿಂತರೆ ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿ, 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಏಕೆ ವಿಳಂಬ?’ ಎಂದು ಕೇಳಬೇಡಿ, ಅದು ಮಾಹಿತಿಯೇ ಅಲ್ಲ ಎಂದು ಹಿಂಬರಹ ಬರುತ್ತದೆ. ‘ಇಂಥ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ’ ಎಂದು ಕೇಳಿ. ಯಾರ ಮೇಜಿನಲ್ಲಿ ಎಷ್ಟು ದಿನ ಕೂತಿತ್ತು ಎಂಬುದು ಅದರಲ್ಲೇ ಇರುತ್ತದೆ.

ಖರ್ಚು_ವೆಚ್ಚ:

ಎರಡನೇ ಪ್ರಶ್ನೆಗೆ: ಆ ಹಂಚಿಕೆಯನ್ನು ಇವತ್ತೇ ತೆಗೆಯಿರಿ. 2020ರ ತಿದ್ದುಪಡಿಯ ನಂತರ ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) 7ನೇ ಕಲಂ ಪ್ರಕಾರ ವಿದೇಶಿ ವಂತಿಗೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಅವರಿಗೂ ನೋಂದಣಿ ಇದ್ದರೂ ಅಷ್ಟೇ. ‘ಸಮಾಲೋಚನಾ ಶುಲ್ಕ’ ಎಂದು ಹೆಸರು ಬದಲಿಸಿ ದಾಟಿಸುವ ಉಪಾಯವೂ ಬೇಡ. ತರಬೇತಿಯನ್ನು ನೀವೇ ನಡೆಸಿ, ಊಟ, ಬಸ್ ಖರ್ಚನ್ನು ನಿಮ್ಮ ಲೆಕ್ಕದಲ್ಲೇ ಹಾಕಿ.

ಆಡಳಿತ ವೆಚ್ಚಕ್ಕೆ ಮಿತಿ ಈಗ 20%, ಮೊದಲು 50% ಇತ್ತು. ಅಡ್ವೊಕೆಸಿ ಯೋಜನೆಗೆ ಪೆಟ್ಟು ಬೀಳುವುದು ಇಲ್ಲೇ. ವಕೀಲರ ಶುಲ್ಕ, ವರದಿ ಬರೆಯುವ ಖರ್ಚು, ವಾಹನದ ನಿರ್ವಹಣೆ, ಮುದ್ರಣ, ಕಚೇರಿ ಬಾಡಿಗೆ ಎಲ್ಲವೂ ನಿಯಮ 5ರ ಪಟ್ಟಿಯಲ್ಲಿ ಆಡಳಿತ ವೆಚ್ಚ. ಶಾಲೆ ಕಟ್ಟಿಸುವವರಿಗೆ ಇದು ತಟ್ಟುವುದಿಲ್ಲ, ಇಟ್ಟಿಗೆ ಸಿಮೆಂಟು ಆಡಳಿತ ವೆಚ್ಚವಲ್ಲವಲ್ಲ.

ಪತ್ರಕರ್ತರಿಗೆ ಫೆಲೋಶಿಪ್, ಅಧಿಕಾರಿಗಳಿಗೆ ಗೌರವಧನ ಎಂಬ ಬಾಬ್ತು ಇದ್ದರೆ ಅದನ್ನೂ ನೋಡಿ. 3ನೇ ಕಲಂ ಪ್ರಕಾರ ನೋಂದಾಯಿತ ಪತ್ರಿಕೆಗಳ ಸಂಪಾದಕರು, ವರದಿಗಾರರು, ಶಾಸಕರು, ಸರ್ಕಾರಿ ನೌಕರರು ವಿದೇಶಿ ವಂತಿಗೆ ಪಡೆಯುವಂತಿಲ್ಲ. ಧರಣಿಯ ವಿಷಯದಲ್ಲಿ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಲ್ಪ ಸಡಿಲಿಕೆ ಕೊಟ್ಟಿದೆ: ಪಕ್ಷ ರಾಜಕೀಯದ ನಂಟಿಲ್ಲದೆ ಜನರ ಬೇಡಿಕೆಗೆ ಬೆಂಬಲವಾಗಿ ನಿಂತರೆ ಅಷ್ಟಕ್ಕೇ ‘ರಾಜಕೀಯ ಸ್ವರೂಪದ ಸಂಸ್ಥೆ’ (ವಿದೇಶಿ ವಂತಿಗೆ ಪಡೆಯುವಂತಿಲ್ಲದ ವರ್ಗ) ಆಗುವುದಿಲ್ಲ.

ಗುಡ್ಡದ_ಓಣಿ:

ಪಟ್ಟಿಯ ಉಪಾಯ ಚೆನ್ನಾಗಿದೆ, ಧನ್ಯವಾದ. ಆದರೆ ಅಧಿಸೂಚನೆ ಬಂದರೆ ‘ಅದು ನಿಮ್ಮಿಂದಲೇ ಆಯಿತು ಎಂಬುದಕ್ಕೆ ಸಾಕ್ಷಿ ಏನು’ ಎಂದು ದಾನಿಯವರು ಕೇಳುತ್ತಾರಲ್ಲ?

ಮೆಟ್ಟಿಲು_ಲೆಕ್ಕ:

ನಿಮ್ಮಿಂದಲೇ ಆಯಿತು ಎನ್ನಬೇಡಿ, ನಿಮ್ಮ ಪಾಲು ಯಾವುದು ಎಂದು ತೋರಿಸಿ. ದಕ್ಷಿಣ ಆಫ್ರಿಕಾದ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಸಂಘಟನೆ ಸರ್ಕಾರದ ಮೇಲೆ ಹಾಕಿದ ಪ್ರಕರಣ ನೋಡಿ. ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟದಂತೆ ತಡೆಯುವ ನೆವಿರಾಪಿನ್ ಔಷಧವನ್ನು ಸರ್ಕಾರ 18 ಪ್ರಾಯೋಗಿಕ ಕೇಂದ್ರಗಳಿಗೆ ಸೀಮಿತಗೊಳಿಸಿತ್ತು. ಕಂಪನಿ ಐದು ವರ್ಷ ಪುಕ್ಕಟೆ ಕೊಡಲು ಮುಂದೆ ಬಂದಿತ್ತು, ಹಾಗಾಗಿ ಔಷಧದ ಬೆಲೆಯನ್ನು ಅಡ್ಡ ತರುವಂತಿರಲಿಲ್ಲ. 2002ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ ಆ ಮಿತಿಯನ್ನು ತೆಗೆಯಲು ಹೇಳಿತು. ಅಲ್ಲಿ ವಕೀಲರು, ವೈದ್ಯರು, ಬೀದಿಗಿಳಿದ ರೋಗಿಗಳು ಎಲ್ಲರೂ ಇದ್ದರು. ಯಾರಿಂದ ಶೇಕಡಾ ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಆದರೆ ವೈದ್ಯರ ಪ್ರಮಾಣಪತ್ರ ಕೋರ್ಟಿನ ಮುಂದೆ ಇತ್ತು ಎಂಬುದಕ್ಕೆ ಕಾಗದವಿದೆ.

ನಿಮ್ಮಲ್ಲೂ ಹಾಗೆಯೇ ಮಾಡಿ. ನೀವು ಕೊಟ್ಟ ಮನೆ ಪಟ್ಟಿ, ನಕ್ಷೆ ಅಧಿಸೂಚನೆಯ ಕಡತದಲ್ಲಿ ಯಾವ ಪುಟದಲ್ಲಿದೆ ನೋಡಿ. ಟಿಪ್ಪಣಿ ಹಾಳೆಯಲ್ಲಿ ನಿಮ್ಮ ಅರ್ಜಿಯ ತಾರೀಖು ಉಲ್ಲೇಖವಾಗಿದ್ದರೆ ಆ ಪ್ರತಿಯನ್ನು ವರದಿಗೆ ಲಗತ್ತಿಸಿ. ಅದೇ ಸಮಯಕ್ಕೆ ಬೇರೆ ಯಾರು ಒತ್ತಡ ಹಾಕಿದರು, ಚುನಾವಣೆ ಹತ್ತಿರವಿತ್ತೇ, ಹೊಸ ಅಧಿಕಾರಿ ಬಂದರೇ ಎಂಬುದನ್ನೂ ನೀವೇ ಬರೆದುಬಿಡಿ. ಮೌಲ್ಯಮಾಪನಕ್ಕೆ ಬಂದವರು ಹೇಗೂ ಹುಡುಕಿ ತೆಗೆಯುತ್ತಾರೆ.