ಮಣಿ ಹಾಕಿದ ನೊಣ ಕಟ್ಟೋರು ಸ್ವಲ್ಪ ಹೇಳಿ

ಗೌರಿಬಿದನೂರಿನಿಂದ ಪ್ರಶ್ನೆ:
ನಮಸ್ಕಾರ ಅಣ್ಣಂದಿರೇ. ಕೆರೇಲಿ ಜಿಲೇಬಿ, ಪಕ್ಕೆ ಮೀನು ಹಿಡಿಯೋಕೆ ಮಣಿ ಹಾಕಿದ ಕೃತಕ ನೊಣ (ಗಾಳಕ್ಕೆ ದಾರ, ಗರಿ ಸುತ್ತಿ ಹುಳದ ಹಾಗೆ ಮಾಡೋದು) ಕಟ್ತಾ ಇದೀನಿ. ಗಾಳ 12ನೇ ನಂಬರ್. ಮಣಿ ಒಂದು ಕಡೆ ನಿಲ್ಲಲ್ಲ, ಗಿರಗಿರ ತಿರುಗುತ್ತೆ. ಸ್ವಲ್ಪ ಹೊತ್ತು ಎಸೆಯೋಷ್ಟರಲ್ಲಿ ದಾರ ಸಡಿಲವಾಗಿ ಗರಿ ಬಿಚ್ಕೊಳುತ್ತೆ. ಸಾಮಾನೆಲ್ಲ ಆನ್‌ಲೈನಲ್ಲೇ ತರಿಸಬೇಕಾ, ಇಲ್ಲೇ ಸಿಗುತ್ತಾ?

ಶಿಡ್ಲಘಟ್ಟದಿಂದ:
ದುಡ್ಡು ಹಾಕಬೇಕಾದ್ದು ಗಾಳ, ಮಣಿ ಎರಡಕ್ಕೇ. ಮಿಕ್ಕಿದ್ದೆಲ್ಲ ನಮ್ಮ ಜಿಲ್ಲೇಲೇ ಇದೆ.

ಮೊದಲು ಮಣಿ. ನೊಣಕ್ಕೆಂದೇ ಮಾಡಿದ ಮಣಿಯನ್ನ ಬೆಳಕಿಗೆ ಹಿಡಿದು ನೋಡಿ, ತೂತು ಒಂದು ಕಡೆ ಸಣ್ಣ, ಇನ್ನೊಂದು ಕಡೆ ಅಗಲ ಇರುತ್ತೆ. ಗಾಳದ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಮಲಗಿಸಿ, ಮೊನೆಯನ್ನ ಸಣ್ಣ ತೂತಿನ ಕಡೆಯಿಂದ ತೂರಿಸಿ. ಬಾಗು ದಾಟಿಸಿ ಮುಂದಕ್ಕೆ ತಳ್ಳಿದರೆ ಸಣ್ಣ ತೂತು ಗಾಳದ ಕಣ್ಣಿಗೆ ತಾಗಿ ನಿಲ್ಲುತ್ತೆ, ಅಗಲದ್ದು ಹಿಂದಕ್ಕೆ ಬರುತ್ತೆ. ನಿಮ್ಮ ಗಾಳಕ್ಕೆ 3 ಮಿ.ಮೀ. ಆಸುಪಾಸಿನ ಮಣಿ ಸರಿಹೋಗುತ್ತೆ.

ತಿರುಗೋದು ಆ ಅಗಲ ತೂತು ಖಾಲಿ ಇರೋದಕ್ಕೆ. ಮಣಿ ಹಿಂದೆ ತೆಳ್ಳನೆಯ ಸೋಲ್ಡರ್ ತಂತಿ ಐದಾರು ಸುತ್ತು ಸುತ್ತಿ, ಉಗುರಲ್ಲಿ ಮುಂದಕ್ಕೆ ಒತ್ತಿ ತೂತೊಳಗೆ ಕೂರಿಸಿ. ಅದರ ಬೆನ್ನಿಗೇ ಬಿಗಿಯಾಗಿ ದಾರ ಸುತ್ತಿ, ಸೂಜಿ ಮೊನೇಲಿ ನಿಲ್ಲುವಷ್ಟು ಫೆವಿಕ್ವಿಕ್ ಮುಟ್ಟಿಸಿ. ಜಾಸ್ತಿ ಆದರೆ ಗಾಳದ ಕಣ್ಣು ಮುಚ್ಚಿಹೋಗುತ್ತೆ. ಇಷ್ಟಾದರೆ ಮಣಿ ಅಲ್ಲಾಡಲ್ಲ, ಜೊತೆಗೆ ತೂಕವೂ ಬಂತು.

ದಾರಕ್ಕೆ ರೇಷ್ಮೆಗಿಂತ ಚೆನ್ನಾಗಿರೋದು ನಾನು ಕಂಡಿಲ್ಲ. ನೈಲಾನ್ ಬರೋಕೆ ಮುಂಚೆ ಹೊರದೇಶದವರೂ ರೇಷ್ಮೇಲೇ ಕಟ್ತಿದ್ದರು. ಹಸಿ ರೇಷ್ಮೇಲಿ ಅಂಟು ಇರುತ್ತೆ, ಬಿರುಸು. ಸೋಪು ನೀರಲ್ಲಿ ಬೇಯಿಸಿ ಅಂಟು ತೆಗೆದದ್ದು ಗಾಳದ ಮೇಲೆ ಚಪ್ಪಟೆಯಾಗಿ ಕೂರುತ್ತೆ, ಆದರೆ ನುಣುಪಿಗೆ ಜಾರುತ್ತೆ. ಅದಕ್ಕೆ ಜೇನುಮೇಣದ ಮೇಲೆ ಎಳೆದುಕೊಂಡೇ ಸುತ್ತಬೇಕು. ನೀವು ಯಾವ ದಾರ ಸುತ್ತುತ್ತಿದ್ದರೂ ಮೇಣ ಬಿಡಬೇಡಿ. ಇನ್ನೊಂದು, ರೇಷ್ಮೆ ನೆಂದರೆ ಬಣ್ಣ ಗಾಢ ಆಗುತ್ತೆ, ಒದ್ದೆ ಮಾಡಿ ನೋಡಿ ಆರಿಸಿ.

ಮೈಗೆ ಹಳೇ ಕರಿ ಕಂಬಳಿಯ ಅಂಚಿಂದ ಉಣ್ಣೆ ಕಿತ್ತು, ಬೆರಳಲ್ಲಿ ಹಿಂಜಿ, ಮೇಣದ ದಾರಕ್ಕೆ ಹೊಸೆಯಿರಿ. ಸಾಲದು ಅನ್ನಿಸುವಷ್ಟೇ ಹಾಕಿ, ಅದೇ ಸರಿಯಾದ ಅಳತೆ. ಬಾಲದ ಕಡೆ ಸಣ್ಣ, ಮಣಿ ಹತ್ತಿರ ದಪ್ಪ. ಕೊನೆಗೆ ನಾಟಿ ಹೇಂಟೆಯ ಕುತ್ತಿಗೆ ಗರಿ ಒಂದೂವರೆ ಸುತ್ತು. ಹುಂಜದ್ದು ಬೇಡ, ಬಿರುಸಾಗಿ ನಿಲ್ಲುತ್ತೆ, ನೀರಲ್ಲಿ ಆಡಲ್ಲ. ಹೇಂಟೆ ಗರಿ ನೀರಿಗೆ ಬಿದ್ದ ತಕ್ಷಣ ಮೈಗೆ ಅಂಟಿಕೊಂಡು, ತಂಗೂಸಿ ಎಳೆದಾಗೆಲ್ಲ ಹುಳದ ಕಾಲಿನ ಹಾಗೆ ಮಿಡುಕುತ್ತೆ. ಆ ಮಿಡುಕು ಇಲ್ಲದಿದ್ದರೆ ಬರೀ ಮಣಿಗೆ ಮೀನು ಬರೋದು ಕಮ್ಮಿ.

ಚಿಂತಾಮಣಿಯಿಂದ:
ಮೇಲೆ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಫ್ಯಾನ್ ರಿವೈಂಡಿಂಗ್ ಮಾಡೋ ಅಂಗಡೀಲಿ ತಾಮ್ರದ ತುಂಡು ತಂತಿ ಕೇಳಿ, 36 ಗೇಜ್ ಆದರೆ ಸಾಕು. ಉಣ್ಣೆ ಸುತ್ತಿದ ದಿಕ್ಕಿಗೆ ಎದುರಾಗಿ, ಬಿಡಿಬಿಡಿಯಾಗಿ ಬಾಲದಿಂದ ಮಣಿವರೆಗೆ ಸುತ್ತಿ ತನ್ನಿ. ಮೀನಿನ ಹಲ್ಲಿಗೆ ಒಂದೆಳೆ ಕಡಿದರೂ ಮೈ ಬಿಚ್ಚಲ್ಲ. ಇಂಗ್ಲೆಂಡಿನ ಏವನ್ ನದಿ ನೋಡಿಕೊಳ್ಳುತ್ತಿದ್ದ ಫ್ರ್ಯಾಂಕ್ ಸಾಯರ್ ಅನ್ನೋರು ದಾರವನ್ನೇ ಬಿಟ್ಟು, ಗರಿ ಎಳೆಗಳನ್ನ ಬರೀ ತಾಮ್ರದ ತಂತೀಲೇ ಕಟ್ತಿದ್ದರು. ಕಟ್ಟೋಕೂ ಅದೇ, ತೂಕಕ್ಕೂ ಅದೇ. ದಾರದ ಕಾಟವೇ ಬೇಡ ಅನ್ನಿಸಿದರೆ ಹಾಗೂ ಕಟ್ಟಿ ನೋಡಿ. ಜರಿ ಎಳೆ ಹಾಕಿ ಅಂತ ಕೆಲವರು ಹೇಳ್ತಾರೆ. ಹೊಳಪಿಗೆ ಚೆಂದ, ಆದರೆ ಹಿಡಿತಕ್ಕೆ ತಾಮ್ರವೇ.

ಕೋಲಾರದಿಂದ:
ನೊಣದ ಮಣಿ ಬದಲಿಗೆ ಸೀರೆ ಕುಚ್ಚಿಗೆ ಹಾಕೋ ಬಂಗಾರ ಬಣ್ಣದ ಮಣಿ ಕೊಳ್ಳೋದಾದರೆ, ಮುಂಚೆ ಒಂದನ್ನ ನೀರಿನ ಲೋಟಕ್ಕೆ ಹಾಕಿ ನೋಡಿ. ತೇಲಿದರೆ, ಇಲ್ಲಾ ನಿಧಾನಕ್ಕೆ ಇಳಿದರೆ ಪ್ಲಾಸ್ಟಿಕ್. ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣ, ತುಕ್ಕು ಹಿಡಿಯುತ್ತೆ. ಹಿತ್ತಾಳೆ ಅಂಟಲ್ಲ, ಗಾಜಿನ ಮೂರು ಪಟ್ಟಿಗೂ ಮಿಕ್ಕಿ ತೂಗುತ್ತೆ. ಟಂಗ್‌ಸ್ಟನ್ ಹಿತ್ತಾಳೆಗಿಂತಲೂ ಎರಡು ಪಟ್ಟು ಮೇಲೆ. ಹರಿಯೋ ನದಿಗೆ ಅದು ಬೇಕು. ನಮ್ಮ ಕೆರೆಗಳಲ್ಲಿ ಆಳ ಕಮ್ಮಿ, ತಳದಲ್ಲಿ ಹೂಳು. ಟಂಗ್‌ಸ್ಟನ್ ಹಾಕಿದರೆ ನೇರ ಹೋಗಿ ಹೂಳಲ್ಲಿ ಕೂತುಬಿಡುತ್ತೆ. ಹಿತ್ತಾಳೆಯೇ ಸಾಕು.

ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನ ಶುದ್ಧೀಕರಿಸಿದ್ದು) ಬಿಟ್ಟಿರೋ ಕೆರೆಗಳಲ್ಲಿ ನೀರು ಹಸಿರು, ಅಲ್ಲಿ ಕರಿ ಮೈ, ಹೊಳೆಯೋ ಮಣಿ ಕಟ್ಟಿ. ಮಣ್ಣಲ್ಲಿರೋ ಕೆಂಪು ಹುಳ ಮೀನಿಗೆ ಪ್ರಾಣ, ಅದಕ್ಕೆ ಕೆಂಪು ರೇಷ್ಮೆ ಬರೀ ಸುತ್ತಿದ್ದೂ ನಡೆಯುತ್ತೆ, ಉಣ್ಣೆ ಬೇಡ.

ಗೌರಿಬಿದನೂರಿನಿಂದ:
ತುಂಬಾ ಥ್ಯಾಂಕ್ಸ್ ಅಣ್ಣ. ನನ್ನ ಹತ್ರ ಫ್ಲೈ ರಾಡ್ (ನೊಣ ಎಸೆಯೋಕೆಂದೇ ಇರೋ ಕೋಲು) ಇಲ್ಲ, ಮಾಮೂಲಿ ರಾಡ್ ಇದೆ. ನಡೆಯುತ್ತಾ?

ಶಿಡ್ಲಘಟ್ಟದಿಂದ:
ಧಾರಾಳವಾಗಿ. ತೂಕ ಇರೋ ಬೆಂಡು ಕಟ್ಟಿ, ಅದರ ಕೆಳಗೆ ಎರಡು ಮೂರು ಅಡಿ ತಂಗೂಸಿ ಬಿಟ್ಟು ನೊಣ ಕಟ್ಟಿ. ಎಸೆದು, ಇಳಿಯೋಕೆ ಬಿಟ್ಟು, ಗೇಣುದ್ದ ಎಳೀರಿ, ನಿಲ್ಲಿಸಿ. ಜಿಲೇಬಿ ನಿಂತಾಗಲೇ ಬಾಯಿ ಹಾಕೋದು, ಬೆಂಡು ಮುಳುಗೋ ತನಕ ಕಾಯಬೇಡಿ, ಪಕ್ಕಕ್ಕೆ ಸರಿದರೂ ಎತ್ತಿ. ಕೆರೆ ಗುತ್ತಿಗೆ ಹಿಡಿದೋರನ್ನ ಮಾತ್ರ ಮೊದಲು ಕೇಳ್ಕೊಳಿ, ಮರಿ ಬಿಟ್ಟಿರೋದು ಅವರು.