ಬಳಲುವುದು ಕೊಳಗವಲ್ಲ

ಎಲ್ಲರಿಗೂ ನಮಸ್ಕಾರ. ಬಸವಣ್ಣನವರ ವಚನವೊಂದರಲ್ಲಿ ಬರುವ ‘ಕೊಳಗ’ ಎಂದರೇನು ಎಂದು ನಮ್ಮ ಪುಟ್ಟಿ ನಿನ್ನೆ ಕೇಳಿದ್ದಳು. ಅಡುಗೆಯ ದೊಡ್ಡ ಪಾತ್ರೆ ಎಂದು ಅವಳ ಚಿಕ್ಕಪ್ಪ ಉತ್ತರಿಸಿದ್ದಾನೆ. ಆ ಅರ್ಥವೂ ಬಳಕೆಯಲ್ಲಿದೆ, ಆದರೆ ಅದನ್ನು ಹಿಡಿದು ಹೊರಟರೆ ವಚನ ತೆರೆದುಕೊಳ್ಳುವುದಿಲ್ಲ.

ಪುಟ್ಟಿ, ಅಲ್ಲಿರುವುದು ಧಾನ್ಯ ಅಳೆಯುವ ಕೊಳಗ. ನಾಲ್ಕು ಬಳ್ಳಕ್ಕೆ ಒಂದು ಕೊಳಗ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬುದು ರೂಢಿಯ ಲೆಕ್ಕವಾದರೂ, ಒಂದೂರಿನ ಕೊಳಗ ಇನ್ನೊಂದೂರಿನ ಕೊಳಗಕ್ಕೆ ಸಮನಾಗಿರಲೇಬೇಕೆಂದೇನೂ ಇರಲಿಲ್ಲ. ಭೂಮಿಯನ್ನು ಕೂಡ ಹೀಗೆಯೇ ಹೇಳುತ್ತಿದ್ದರು: ಹತ್ತು ಕೊಳಗದ ಗದ್ದೆ ಎಂದರೆ ಹತ್ತು ಕೊಳಗ ಬೀಜ ಹಿಡಿಯುವಷ್ಟು ನೆಲ, ಆದ್ದರಿಂದಲೇ ದಾನಶಾಸನಗಳಲ್ಲಿ ಖಂಡುಗ, ಕೊಳಗಗಳು ಮತ್ತೆ ಮತ್ತೆ ಬರುತ್ತವೆ. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ಕಿಲೋ, ಲೀಟರುಗಳು ಬಂದು ಇವೆಲ್ಲ ಹಿಂದೆ ಸರಿದವು. ಬೆಂಗಳೂರಿನಲ್ಲಿ ಸೇರು ಮಾತ್ರ ಪುರಿಯ ಅಂಗಡಿಗಳಲ್ಲಿಯೂ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿಯೂ ಹೇಗೋ ಉಳಿದುಕೊಂಡಿದೆ.

ಇನ್ನು ವಚನಕ್ಕೆ ಬರೋಣ. ಕಣದಲ್ಲಿ ರಾಶಿಯ ಮುಂದೆ ಕುಳಿತು, ಮೊದಲನೆಯ ಅಳತೆಗೆ ಒಂದು ಎನ್ನದೆ ‘ಲಾಭ’ ಎಂದು ಎಣಿಸುತ್ತ, ರಾಶಿ ಕರಗುವವರೆಗೂ ತುಂಬಿ ಸುರಿಯುವವನನ್ನು ಕಣ್ಣ ಮುಂದೆ ತಂದುಕೋ. ಅಳೆದಳೆದು ಅವನ ರಟ್ಟೆ ಸೋಲುತ್ತದೆ, ಕೊಳಗಕ್ಕೆ ಏನೂ ಆಗುವುದಿಲ್ಲ. ಬಸವಣ್ಣನವರು ಕೇಳುವುದು ಇದನ್ನೇ: ಅಳೆಯುವವರು ಬಳಲುತ್ತಾರಲ್ಲದೆ ಕೊಳಗ ಬಳಲುತ್ತದೆಯೇ, ನಡೆಯುವವರು ಬಳಲುತ್ತಾರಲ್ಲದೆ ಬಟ್ಟೆ ಬಳಲುತ್ತದೆಯೇ? (ಬಟ್ಟೆ ಎಂದರೆ ಇಲ್ಲಿ ದಾರಿ; ಉಡುವ ಬಟ್ಟೆ ಎಂದುಕೊಂಡೀಯೆ!) ಕೋಲು ಹಿಡಿದು ವರಸೆಯ ಸಾಧನೆ ಮಾಡುವವನು ಬಳಲುತ್ತಾನಲ್ಲದೆ ಕೋಲು ಬಳಲುತ್ತದೆಯೇ ಎಂಬ ಮಾತು ಮುಗಿದ ಮೇಲೆ, ನಿಜವನ್ನರಿಯದ ಭಕ್ತ ಬಳಲುತ್ತಾನಲ್ಲದೆ ಲಿಂಗ ಬಳಲುತ್ತದೆಯೇ ಎಂಬ ಪ್ರಶ್ನೆ ಬರುತ್ತದೆ. ಕೊಳಗ ಕಾಳನ್ನು ದಿನವಿಡೀ ತುಂಬಿಕೊಂಡರೂ ಅದರಲ್ಲಿ ಒಂದನ್ನೂ ತನ್ನದಾಗಿಸಿಕೊಳ್ಳದ ವಸ್ತು. ಪಾತ್ರೆ ಎಂದಷ್ಟೇ ಓದಿದರೆ ಆ ದುಡಿಮೆಯೂ ಈ ನಿರ್ಲಿಪ್ತತೆಯೂ ಕಾಣಿಸುವುದಿಲ್ಲ. ನನಗೆ ಇನ್ನೂ ಹೆಚ್ಚು ತಟ್ಟುವುದು ಕೊನೆಯ ಸಾಲಿನ ‘ಅರಸರಿಯದ ಬಿಟ್ಟಿ’. ಕೂಲಿಯಿಲ್ಲದೆ ಮಾಡುವ ಕೆಲಸ ಬಿಟ್ಟಿ. ಅದು ಅರಸನ ಗಮನಕ್ಕೇ ಬಾರದಿದ್ದರೆ ದುಡಿದವನಿಗೆ ಸಂಬಳವೂ ಇಲ್ಲ, ಮೆಚ್ಚುಗೆಯೂ ಇಲ್ಲ. ಅರಿವಿಲ್ಲದ ಪೂಜೆಯನ್ನು ಇದಕ್ಕಿಂತ ಖಾರವಾಗಿ ಹೇಳುವುದು ಕಷ್ಟ.

ಇನ್ನೊಂದು ಎಚ್ಚರಿಕೆ. ಶಿವರಾತ್ರಿಯಂದು ಮೈಸೂರು ಅರಮನೆಯ ತ್ರಿನೇಶ್ವರ ಲಿಂಗಕ್ಕೆ ತೊಡಿಸುವ ಚಿನ್ನದ ಮುಖವಾಡವನ್ನೂ ಕೊಳಗವೆಂದೇ ಕರೆಯುತ್ತಾರೆ. ವಚನದಲ್ಲಿ ಲಿಂಗದ ಮಾತೂ ಇರುವುದರಿಂದ ಪರೀಕ್ಷೆಯಲ್ಲಿ ಆ ಅರ್ಥ ಬರೆದುಬಿಡಬೇಡ. ಅಲ್ಲಿರುವುದು ಕಣದ ಕೊಳಗವೇ.